ದುಬೈ ಫ್ಲ್ಯಾಟಿಗೆ ತುಳು ಮಾತಾಡುವ ಬ್ರೋಕರ್ ಸಾಕೇ?

ಬೆಂಗಳೂರಿನ ಹೋಟೆಲುಗಳಲ್ಲಿ ದುಬೈ ಫ್ಲ್ಯಾಟುಗಳ ಮೇಳ ನಡೆಯುತ್ತದೆ. ಬ್ರೋಕರ್ ತುಳುವಿನಲ್ಲಿ ನಾಲ್ಕು ಮಾತಾಡಿದರೆ ಕರಾವಳಿಯ ನಾವು ಅರ್ಧ ಕರಗಿಬಿಡುತ್ತೇವೆ. ಊರಲ್ಲಿ ಹತ್ತು ಗುಂಟೆ ಕೊಳ್ಳುವಾಗ ಪಹಣಿ, ಇಸಿ ತೆಗೆಸಿ, ಪಕ್ಕದ ಜಮೀನಿನವರನ್ನೂ ವಿಚಾರಿಸುವವರು ನಾವೇ!

ದುಬೈನಲ್ಲೂ ಬ್ರೋಕರುಗಳಿಗೆ ರೇರಾ ನೋಂದಣಿ ಕಡ್ಡಾಯ. ಅಲ್ಲಿನ ಭೂ ಇಲಾಖೆಯ 'ದುಬೈ ರೆಸ್ಟ್' ಆ್ಯಪಿನಲ್ಲಿ ಅದನ್ನು ತಾಳೆ ನೋಡಬಹುದು. ಇನ್ನೂ ಕಟ್ಟುತ್ತಿರುವ ಮನೆಯ ದುಡ್ಡು, 2007ರ ಕಾನೂನಿನಂತೆ, ಆ ಯೋಜನೆಗೆಂದೇ ತೆರೆದ ಎಸ್ಕ್ರೋ ಖಾತೆಗೆ ಹೋಗಬೇಕು. ಬೇರೆ ಖಾತೆ ಸಂಖ್ಯೆ ಕೊಟ್ಟವರು ಎಷ್ಟೇ ಆಪ್ತರಿರಲಿ, ಎದ್ದು ಬನ್ನಿ.

ವಕೀಲರ ವಿಷಯದಲ್ಲಿ ನಮ್ಮದು ಹಟವೇ: ಬಿಲ್ಡರ್ ತೋರಿಸಿದವರು ಬೇಡ. ಅವರಿಗೆ ಮುಂದಿನ ಕೇಸು ಕೊಡುವವರು ಬಿಲ್ಡರ್, ನೀವಲ್ಲ.