ಜೇನುಪೆಟ್ಟಿಗೆ ಮಾಡೋರು ಆ ಸಣ್ಣ ಗೇಜನ್ನ ಮೂಲೆಗೆ ಹಾಕಬೇಡಿ

ಜಡಿಮಳೆ, ತೋಟಕ್ಕೆ ಇಳಿಯೋ ಹಾಗಿಲ್ಲ. ನಮ್ಮ ಕಡೆ ಸುಮಾರು ಮನೆಗಳ ಕೊಟ್ಟಿಗೆಯಲ್ಲಿ ಈಗ ಟೇಬಲ್ ಗರಗಸದ ಸದ್ದು. ಮಳೆ ಕಳೆಯೋದ್ರೊಳಗೆ ತುಡುವೆ ಜೇನಿನ ಪೆಟ್ಟಿಗೆ ತಯಾರಾಗ್ಬೇಕಲ್ಲ. ನಾವೇ ಮಾಡ್ಕೊಳ್ಳೋದು ಒಳ್ಳೇದೇ. ಆದ್ರೆ ನಾನು ನೋಡಿದ ಹೆಚ್ಚಿನ ಕಡೆ ಮಿಷನ್ ಜೊತೆ ಬಂದ ಮೈಟರ್ ಗೇಜು ಡಬ್ಬದಲ್ಲೇ ಇದೆ. ಮೇಜಿನ ಸಂದಿಯಲ್ಲಿ ಜಾರೋ ಕಬ್ಬಿಣದ ಪಟ್ಟಿ, ಅದರ ತಲೆ ಮೇಲೆ ಡಿಗ್ರಿ ಗುರುತಿರೋ ಅರ್ಧಚಂದ್ರ ಇರುತ್ತಲ್ಲ, ಅದೇ. ರೀಪು ಅಡ್ಡ ಕೊಯ್ಯುವಾಗ ಅದನ್ನ ಬಿಟ್ಟು ಬರಿಗೈಲಿ ತಳ್ಳೋದು ತಪ್ಪು ಅಂತ ನನ್ನ ಅಭಿಪ್ರಾಯ.

ಗೇಜು ಹಿಡಿದೂ ತಪ್ಪು ಮಾಡಬಹುದು. ಮೂರು ವರ್ಷದ ಹಿಂದೆ ನಾನೇ ಮಾಡ್ದೆ. ಎಲ್ಲಾ ತುಂಡೂ ಒಂದೇ ಅಳತೆ ಬರಲಿ ಅಂತ ರೀಪಿನ ತುದಿಯನ್ನ ಪಕ್ಕದ ಫೆನ್ಸಿಗೆ ತಾಗಿಸಿ, ಗೇಜಿನಿಂದ ತಳ್ಳಿದೆ. ತುಂಡಾದ ಚೂರು ಬ್ಲೇಡಿಗೂ ಫೆನ್ಸಿಗೂ ಮಧ್ಯೆ ಓರೆಯಾಗಿ ಸಿಕ್ಕಿಕೊಳ್ತು. ಬ್ಲೇಡಿನ ಹಿಂದಿನ ಹಲ್ಲು ಕೆಳಗಿಂದ ಎದ್ದು ನಮ್ಮ ಕಡೆಗೇ ತಿರುಗಿ ಬರುತ್ತೆ. ಚೂರನ್ನ ಎತ್ತಿ ಎಸೀತು, ಪಕ್ಕೆಗೆ ಬಿತ್ತು. ಹದಿನೈದು ದಿನ ಹುಲ್ಲಿನ ಹೊರೆ ಎತ್ತಲಾಗ್ಲಿಲ್ಲ. ಕಣ್ಣಿಗೆ ಬಿದ್ದಿದ್ರೆ ಈ ಬರಹ ಇರ್ತಿರ್ಲಿಲ್ಲ.

ಅದಕ್ಕೆ ಉಪಾಯ ಸುಲಭ. ಒಂದಿಂಚು ದಪ್ಪದ ಮರದ ತುಂಡನ್ನ ಫೆನ್ಸಿಗೆ ಕ್ಲ್ಯಾಂಪ್ ಹಾಕಿ, ಆದ್ರೆ ಬ್ಲೇಡಿಗಿಂತ ಹಿಂದೆ, ನಾವು ನಿಂತಿರೋ ಕಡೆ. ರೀಪಿನ ತುದಿ ಅದಕ್ಕೆ ತಾಗಿಸಿ ಅಳತೆ ಹಿಡೀರಿ, ಗೇಜಿಗೆ ಒತ್ತಿ ಹಿಡಿದು ಮುಂದೆ ತಳ್ಳಿ. ಬ್ಲೇಡು ಮುಟ್ಟೋ ಹೊತ್ತಿಗೆ ತುದಿ ಆ ತುಂಡನ್ನ ದಾಟಿರಬೇಕು. ಆಗ ಕೊಯ್ದ ಚೂರಿಗೆ ಪಕ್ಕದಲ್ಲಿ ಒಂದಿಂಚು ಜಾಗ ಸಿಗುತ್ತೆ, ಸಿಕ್ಕಿಕೊಳ್ಳಲ್ಲ. ಆ ಚೂರನ್ನ ಬ್ಲೇಡ್ ಪೂರ್ತಿ ನಿಲ್ಲೋ ತನಕ ಕೈಯಿಂದ ಮುಟ್ಟಬೇಡಿ.

ಇನ್ನು ಗೇಜಿನ ಮೂಲೆ. ಅದರ ಮೇಲಿನ 90ರ ಗುರುತನ್ನ ನಾನು ನಂಬಲ್ಲ. ಅಂಚು ನೇರ ಇರೋ ಅಗಲದ ಹಲಗೆಯೊಂದನ್ನ ಅಡ್ಡ ಕೊಯ್ದು, ಒಂದು ತುಂಡನ್ನ ಮಗುಚಿ ಹಾಕಿ, ಕೊಯ್ದ ಮುಖ ಎರಡನ್ನೂ ಕೂಡಿಸಿ ನೋಡಿ. ಹಲಗೆಗಳ ಅಂಚು ಒಂದೇ ಗೆರೆಯಲ್ಲಿರಲಿ. ಮಧ್ಯೆ ಸಂದು ಕಂಡ್ರೆ ಅದು ತಪ್ಪಿನ ಎರಡರಷ್ಟು. ಸಂದು ಹೋಗೋ ತನಕ ಗೇಜು ತಿರುಗಿಸಿ ಬಿಗಿ ಮಾಡಿ. ಗೇಜಿನ ಪಟ್ಟಿ ಸಂದಿಯಲ್ಲಿ ಅಲ್ಲಾಡ್ತಿದ್ರೆ ಪಟ್ಟಿಯ ಪಕ್ಕಕ್ಕೆ ಪಂಚ್ ಇಟ್ಟು ಎರಡ್ಮೂರು ಕಡೆ ಹೊಡೀರಿ, ಉಬ್ಬಿ ಬಿಗಿಯಾಗುತ್ತೆ.

ಇಷ್ಟು ಯಾಕೆ ಅಂದ್ರೆ, ಫ್ರೇಮಿಗೂ ಗೋಡೆಗೂ ಮಧ್ಯೆ ನೊಣ ಓಡಾಡೋಕೆ ಸುಮಾರು 8 ಮಿಲಿಮೀಟರ್ ಜಾಗ ಬೇಕು. ಹೆಚ್ಚಾದ್ರೆ ಅಲ್ಲೇ ಅಡ್ಡ ಎರಿ ಕಟ್ಟುತ್ತವೆ, ಕಡಿಮೆಯಾದ್ರೆ ಓಡಾಟ ನಿಲ್ಲುತ್ತೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ಫ್ರೇಮು ಎತ್ತೋಕೆ ಹೋಗಿ ಎರಿಯೇ ಹರಿದು ಮೊಟ್ಟೆ, ಮರಿ ಎಲ್ಲಾ ಹಾಳಾಯ್ತು.

"ಗೇಜು, ಕ್ಲ್ಯಾಂಪು ಅಂತ ಕೂತ್ರೆ ಕೆಲಸ ಯಾವಾಗ ಮುಗಿಯೋದು ಮಾರಾಯ?" ಅಂತ ಪಕ್ಕದ ಮನೆ ಅಣ್ಣ ಕೇಳ್ತಾರೆ. ಒಂದು ಸಲ ಹೊಂದಿಸೋಕೆ ಅರ್ಧ ಗಂಟೆ. ಆಮೇಲೆ ಒಂದೊಂದನ್ನೂ ಅಳೆದು ಗೆರೆ ಹಾಕೋ ಕೆಲಸವೇ ಇಲ್ಲ. ಗೆರೆ ಹಾಕಿ ಬರಿಗೈಲಿ ಕೊಯ್ಯೋರಿಗಿಂತ ನಾನು ಬೇಗ ಮುಗಿಸ್ತೀನಿ.

ಇನ್ನೆರಡು ಮಾತು. ಗ್ಲೌಸ್ ಹಾಕಿ, ಹೆಗಲಿಗೆ ಟವೆಲ್ ಹಾಕಿ ಗರಗಸದ ಹತ್ರ ಹೋಗ್ಬೇಡಿ, ಬ್ಲೇಡು ಎಳ್ಕೊಳ್ಳುತ್ತೆ. ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಬಹಳ ಮಿಷನ್‌ಗಳಲ್ಲಿ ಕರೆಂಟ್ ಬಂದ ಕೂಡ್ಲೇ ಬ್ಲೇಡು ತಾನಾಗೇ ತಿರುಗುತ್ತೆ. ಮಳೆಗಾಲದಲ್ಲಿ ನಮ್ಮೂರ ಕರೆಂಟ್ ಹೇಗೆ ಅಂತ ನಿಮಗೇ ಗೊತ್ತು.

ಯಾರಾದ್ರೂ ಗೇಜು ಹೊಂದಿಸ್ಬೇಕು ಅಂದ್ರೆ ಸಂಜೆ ಮನೆಗೆ ಬನ್ನಿ. ನಿಮ್ಮ ಗೂಡು ಬಡವಾದ್ರೆ ನನ್ನ ಪೆಟ್ಟಿಗೆಯಿಂದ ಮರಿ ಇರೋ ಒಂದು ಫ್ರೇಮು ಕೊಡ್ಬಹುದು, ಆದ್ರೆ ಅದು ನಿಮ್ಮ ಪೆಟ್ಟಿಗೆಗೆ ಕೂರಬೇಕಲ್ಲ.