ಗಡ್ಡಕ್ಕೆ ಗಂಧದ ನೊರೆ

ಈ ಪುಟದಲ್ಲಿ ಸಾಮಾನ್ಯವಾಗಿ ಗುಳಿಗೆ, ಸಿರಪ್ಪು, ಇನ್ಸುಲಿನ್ ಎಂದು ಬರೆಯುವ ನಾವು ಈ ವರ್ಷ ನೇರವಾಗಿ ಗಡ್ಡಕ್ಕೇ ಕೈ ಹಾಕಿದ್ದೇವೆ. ಕಾರಣವಿದೆ. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತ ನಮಗೆ ನಮ್ಮವರಿಂದ ಪದೇಪದೇ ಬರುವ ಪ್ರಶ್ನೆ ಇದು: "ಶೇವ್ ಮಾಡಿದ ಮೇಲೆ ಕುತ್ತಿಗೆ ಉರಿ, ಕೆಂಪು ಗುಳ್ಳೆ. ಏನು ಹಚ್ಚೋದು?"

ಕೇಳುವವರಲ್ಲಿ ರಿಫೈನರಿ, ಗ್ಯಾಸ್ ಪ್ಲಾಂಟಿನವರೇ ಹೆಚ್ಚು. ಅವರು ಗಡ್ಡ ತೆಗೆಯುವುದು ಅಂದಕ್ಕಲ್ಲ. ಹೈಡ್ರೋಜನ್ ಸಲ್ಫೈಡ್ ಇರುವ ಜಾಗದಲ್ಲಿ ಮಾಸ್ಕ್ ಮುಖಕ್ಕೆ ಗಾಳಿಯಾಡದಂತೆ ಕೂರಬೇಕು. ಒಂದು ದಿನದ ಗಡ್ಡವಿದ್ದರೂ ರಬ್ಬರ್ ಅಂಚಿಗೂ ಚರ್ಮಕ್ಕೂ ನಡುವೆ ಸಂದು ಉಳಿಯುತ್ತದೆ. ಆ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಪ್ರಮಾಣ ಏರಿದರೆ ಮೂಗೇ ಸೋತು ವಾಸನೆ ತಿಳಿಯದೆ ಹೋಗುತ್ತದೆ. ಅದಕ್ಕೇ ಗೇಟಿನಲ್ಲಿ ಸೇಫ್ಟಿಯವರು ಕೆನ್ನೆ ನೋಡಿ ಒಳಗೆ ಬಿಡುವುದು. ಗುಳ್ಳೆ ಎದ್ದಿದೆ, ಇವತ್ತು ಶೇವ್ ಮಾಡಿಲ್ಲ ಎಂದರೆ ಅವತ್ತಿನ ಡ್ಯೂಟಿ ಹೋಯಿತು.

ನಮ್ಮ ಪಕ್ಕದ ಫ್ಲ್ಯಾಟಿನಲ್ಲಿರುವ ಉಡುಪಿ ಕಡೆಯ ಗೆಳೆಯರೊಬ್ಬರ ಸ್ಥಿತಿಯೂ ಇದೇ. ಅವರು ತಾವೇ ಕಂಡುಕೊಂಡ ಮದ್ದು ಮಾತ್ರ ನಮ್ಮನ್ನು ಬೆಚ್ಚಿಬೀಳಿಸಿತು. ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಂಡ ಟ್ಯೂಬು: ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯಾಟಿಕ್ ಮೂರೂ ಬೆರೆತದ್ದು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ಬಿಟ್ಟರೆ ಇನ್ನೂ ಜೋರಾಗಿ ಬರುತ್ತದೆ, ಮತ್ತೆ ಹಚ್ಚಬೇಕು. ಹೀಗೆ ತಿಂಗಳುಗಟ್ಟಲೆ ಮುಖಕ್ಕೆ ಸ್ಟೀರಾಯ್ಡ್ ಬಳಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು ಕಾಣತೊಡಗಿ, ಮೊಡವೆ ತುಂಬುತ್ತದೆ. ಕೌಂಟರಿನಲ್ಲಿ ಇಂಥ ಮುಖಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಅವರನ್ನು ಮೊದಲು ಚರ್ಮದ ಡಾಕ್ಟರ ಹತ್ತಿರ ಕಳಿಸಿದೆವು. ಟ್ಯೂಬನ್ನು ಹೇಗೆ ಬಿಡಬೇಕೆಂದು ಅವರೇ ಹೇಳಿದರು, ಜೊತೆಗೆ ಐದು ಬ್ಲೇಡಿನ ರೇಜರ್ ಬಿಟ್ಟು ಒಂದೇ ಬ್ಲೇಡಿನದಕ್ಕೆ ಬನ್ನಿ ಎಂದರು. ಸರಿಯಾದ ಮಾತು. ಸಾಲು ಬ್ಲೇಡುಗಳಲ್ಲಿ ಮುಂದಿನದು ಕೂದಲನ್ನು ಎಳೆದು ಹಿಡಿಯುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಗುಂಗುರು ಕೂದಲಿನವರಿಗೆ ಆ ತುದಿ ಮತ್ತೆ ಹೊರಗೆ ಬರುವ ಬದಲು ಚರ್ಮದೊಳಗೇ ನುಗ್ಗಿ ಗುಳ್ಳೆಯಾಗುತ್ತದೆ.

ಸುಗಂಧದ ಕ್ರೀಮು ಬಂದದ್ದು ಈ ಹೊತ್ತಿಗೆ. ಲಂಡನ್ನಿನಲ್ಲಿ ರಜೆ ಮುಗಿಸಿ ಬಂದ ಡಾಕ್ಟರೊಬ್ಬರು ನಮ್ಮ ಫಾರ್ಮಸಿಗೆ ಒಂದು ಡಬ್ಬಿ ಕೊಟ್ಟರು. 1854ರಿಂದ ನಡೆದು ಬಂದ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ ಎಂಬ ಅಂಗಡಿಯ ಗಂಧದ ಶೇವಿಂಗ್ ಕ್ರೀಮು, 150 ಗ್ರಾಂ. ನಮ್ಮ ಫ್ಲ್ಯಾಟಿನ ಇಬ್ಬರು, ಪಕ್ಕದ ಫ್ಲ್ಯಾಟಿನ ಈ ಗೆಳೆಯರು, ಮೂವರೂ ಹಿಡಿ ಬ್ರಷ್ ಎಂದು ಹೊರಟೆವು.

ಗಂಧ ಎಂದರೆ ಕನ್ನಡದವರ ಮೂಗು ಸುಮ್ಮನಿರುವುದಿಲ್ಲ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ, 1916ರಲ್ಲಿ ಮೈಸೂರಿನಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಆಯಿತು, 1918ರ ಹೊತ್ತಿಗೆ ಸೋಪು ಬಂತು. ಆ ಸೋಪು ತಿಕ್ಕಿಕೊಂಡೇ ಬೆಳೆದ ನಾವು ಡಬ್ಬಿಯ ಮುಚ್ಚಳ ತೆಗೆದು ಮೂಸಿದರೆ ಮೊದಲು ಸಿಕ್ಕಿದ್ದು ಲ್ಯಾವೆಂಡರ್, ಜೆರೇನಿಯಂ. ಗಂಧ ಹಿಂದಿನ ಸಾಲಿನಲ್ಲಿ ಕುಳಿತಿತ್ತು. ನೊರೆ ಎಬ್ಬಿಸಿದ ಮೇಲೆ ಮರದ ವಾಸನೆ ನಿಧಾನವಾಗಿ ಮುಂದೆ ಬಂತು. ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿದೆ. ಆದರೆ ದೇವರಮನೆಯ ಸಾಣೆಕಲ್ಲಿನ ಗಂಧ ಇದಲ್ಲ. "ಎಂತ ಮಾರಾಯ್ರೆ, ಮೂಸಿಯೇ ಹೊಟ್ಟೆ ತುಂಬ್ತದೆ" ಎಂದು ನಮ್ಮ ಗೆಳೆಯರು ಡಬ್ಬಿ ಕೆಳಗಿಡಲೇ ಇಲ್ಲ.

ಈಗ ಫಾರ್ಮಸಿಸ್ಟರ ಕಣ್ಣಿನಿಂದ ನೋಡೋಣ. ಬ್ರಷ್ಷಿನಿಂದ ನೊರೆ ಎಬ್ಬಿಸುವ ಕ್ರೀಮು ಯಾವುದೇ ಇರಲಿ, ಮೂಲದಲ್ಲಿ ಮೆತ್ತನೆಯ ಸೋಪು. ಸ್ಟಿಯರಿಕ್ ಆಮ್ಲ, ತೆಂಗಿನೆಣ್ಣೆಯ ಆಮ್ಲಗಳನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಜೊತೆ ಸೇರಿಸಿದಾಗ ಸಿಗುವುದು ಅದೇ. ಸೋಡಿಯಂ ಹಾಕಿದರೆ ಗಟ್ಟಿ ಬಿಲ್ಲೆ, ಪೊಟ್ಯಾಸಿಯಂ ಹಾಕಿದರೆ ಕ್ರೀಮು. ಜೊತೆಗೆ ನೀರು, ಗ್ಲಿಸರಿನ್, ಪರಿಮಳ. ಕೆಳಗಿನ ಗ್ರೋಸರಿಯ ಅಗ್ಗದ ಟ್ಯೂಬಿನ ಬೆನ್ನು ಓದಿ, ಹೆಚ್ಚುಕಡಿಮೆ ಅವೇ ಹೆಸರುಗಳು. ಹಲವು ಪಟ್ಟು ಹೆಚ್ಚು ಕೊಟ್ಟು ನೀವು ಕೊಳ್ಳುವುದು ಮುಖ್ಯವಾಗಿ ಪರಿಮಳವನ್ನೇ. ಅಂದ ಹಾಗೆ ಸ್ಟಿಯರಿಕ್ ಆಮ್ಲ ತಾಳೆ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ. ಬ್ರಷ್ಷುಗಳಲ್ಲಿ ಹಂದಿ ಕೂದಲಿನವೂ ಇವೆ. ಇದನ್ನು ಗಮನಿಸುವವರು ಲೇಬಲ್ ಓದಿ ಸಿಂಥೆಟಿಕ್ ಬ್ರಷ್ ತೆಗೆದುಕೊಳ್ಳಿ; ಅದು ಬೇಗ ಒಣಗುತ್ತದೆ ಕೂಡ.

ಹಾಗಾದರೆ ಪರಿಮಳದಿಂದ ಗಡ್ಡಕ್ಕೆ ಲಾಭವಿಲ್ಲವೇ? ಕೂದಲು ಮೆತ್ತಗಾಗುವುದು ನೀರಿನಿಂದ. ಒದ್ದೆಯಾದ ಕೂದಲನ್ನು ಕತ್ತರಿಸಲು ಒಣ ಕೂದಲಿಗಿಂತ ಬಹಳ ಕಡಿಮೆ ಬಲ ಸಾಕು, ಆದರೆ ನೀರು ಒಳಗಿಳಿಯಲು ಎರಡು ಮೂರು ನಿಮಿಷ ಬೇಕು. ಬೆಳಗಿನ ಜಾವ ಬಾತ್‌ರೂಮಿನ ಬಾಗಿಲ ಹೊರಗೆ ಇನ್ನೂ ಮೂರು ಜನ ಟವೆಲ್ ಹಿಡಿದು ನಿಂತಿರುವಾಗ ಆ ಎರಡು ನಿಮಿಷ ಕೊಡುವವರು ಯಾರು? ಮುಖಕ್ಕೆ ಜೆಲ್ ಉಜ್ಜಿ, ಉಜ್ಜಿದ ಕ್ಷಣವೇ ರೇಜರ್ ಎಳೆದು ಓಡುವುದು. ನಮ್ಮ ಗೆಳೆಯರಿಗೆ ಗಂಧದ ಡಬ್ಬಿ ಮಾಡಿದ ಉಪಕಾರ ಇಷ್ಟೇ: ವಾಸನೆ ಹಿತವಾಗಿದೆಯೆಂದು ಅವರು ಬ್ರಷ್ ತಿರುಗಿಸುತ್ತಾ ಬೇಸಿನ್ ಮುಂದೆ ನಿಂತರು. ಅದಕ್ಕಾಗಿ ಹತ್ತು ನಿಮಿಷ ಬೇಗ ಏಳತೊಡಗಿದರು. ಐದು ವಾರದಲ್ಲಿ ಕುತ್ತಿಗೆಯ ಗುಳ್ಳೆ ಎಣಿಸಿದರೆ ಎರಡೋ ಮೂರೋ. ಅದರಲ್ಲಿ ಒಂಟಿ ಬ್ಲೇಡಿನ ಪಾಲು ದೊಡ್ಡದು, ಎದುರು ದಿಕ್ಕಿಗೆ ಎಳೆಯುವುದನ್ನು ಬಿಟ್ಟದ್ದರ ಪಾಲೂ ಇದೆ. ಮಾಸ್ಕಿಗೆ ಅಷ್ಟು ನುಣುಪು ಸಾಕಾಗುತ್ತದೆಯೇ ಎಂದು ಅವರಿಗೆ ಅನುಮಾನವಿತ್ತು. ಪ್ಲಾಂಟಿನಲ್ಲಿ ಮಾಸ್ಕ್ ಪರೀಕ್ಷೆ ಮಾಡಿಸಿಕೊಂಡರು, ಪಾಸಾಯಿತು.

ಬಿಸಿನೀರಿಗೆ ಇಲ್ಲಿ ಕೊರತೆಯಿಲ್ಲ. ಜುಲೈ ಬಂತೆಂದರೆ ಟೆರೇಸಿನ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಯಲ್ಲೇ ಕುದಿನೀರು. ಗೀಸರ್ ಸ್ವಿಚ್ ಆರಿಸಿ ಅದರೊಳಗಿನ ನೀರನ್ನೇ ತಣ್ಣೀರೆಂದು ಬಳಸುವ ನಮ್ಮ ಉಪಾಯ ನಿಮಗೂ ಗೊತ್ತಿರಬೇಕು. ಮುಖಕ್ಕೆ ಉಗುರು ಬೆಚ್ಚಗಿನದು ಸಾಕು. ಬೇಸಿಗೆಯಲ್ಲಿ ಮೆಂಥಾಲ್, ನೀಲಗಿರಿ ಎಣ್ಣೆ ಹಾಕಿದ ಇಟಲಿಯ ಪ್ರೊರಾಸೊದಂಥ ಕ್ರೀಮುಗಳಿಗೆ ಬೇಡಿಕೆ. ಮೆಂಥಾಲ್ ಚರ್ಮವನ್ನು ತಂಪು ಮಾಡುವುದಿಲ್ಲ, ತಂಪು ತಿಳಿಸುವ ನರಗಳನ್ನು ಕೆಣಕುತ್ತದಷ್ಟೇ. ಗಾಯವಿದ್ದಲ್ಲಿ ಚುರುಗುಟ್ಟುತ್ತದೆ.

ಪರಿಮಳ ಎಲ್ಲರಿಗೂ ಒಗ್ಗುವುದಿಲ್ಲ. ಲೇಬಲ್ಲಿನ ಕೊನೆಯಲ್ಲಿ ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ಕೂಮರಿನ್ ಎಂಬ ಹೆಸರುಗಳು ಕಂಡರೆ ಅವು ಅಲಂಕಾರಕ್ಕಲ್ಲ. ಕೆಲವರಿಗೆ ಅಲರ್ಜಿ ತರುವುದರಿಂದ ಯುರೋಪಿನಲ್ಲಿ ಅವನ್ನು ಹೆಸರಿಸಿಯೇ ಮುದ್ರಿಸಬೇಕೆಂಬ ನಿಯಮವಿದೆ. ಹೊಸ ಕ್ರೀಮಿನ ನೊರೆಯನ್ನು ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ, ಶೇವಿಗೆ ಹಿಡಿಯುವಷ್ಟು ಹೊತ್ತು ಬಿಟ್ಟು ತೊಳೆಯಿರಿ. ನಾಲ್ಕೈದು ದಿನ ಹೀಗೆ ಮಾಡಿ ತುರಿಕೆ ಬಾರದಿದ್ದರೆ ಮುಖಕ್ಕೆ. ತೊಳೆಯದೆ ಮುಖದ ಮೇಲೇ ಉಳಿಯುವ ಆಫ್ಟರ್‌ಶೇವ್, ಅತ್ತರುಗಳ ಬಗ್ಗೆ ಇನ್ನೂ ಜಾಗ್ರತೆ ಬೇಕು. ಊರಿನ ಸಲೂನಿನಲ್ಲಿ ಉಜ್ಜುತ್ತಿದ್ದ ಪಟಿಕದ ಕಲ್ಲು ಸಣ್ಣ ಗೀರಿಗೆ ಇವತ್ತಿಗೂ ಒಳ್ಳೆಯದು, ಆದರೆ ಒಬ್ಬರಿಗೆ ಒಂದು ಕಲ್ಲು.

ಖರ್ಚಿನ ವಿಷಯ. ತೂಗುವುದು ನಮ್ಮ ಕಸುಬಾದ್ದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿ ಇಟ್ಟು ನೋಡಿದೆವು: ಒಂದು ಶೇವಿಗೆ ಸುಮಾರು ಒಂದೂಕಾಲು ಗ್ರಾಂ. ಒಬ್ಬರೇ ಬಳಸಿದರೆ ನಾಲ್ಕು ತಿಂಗಳು. ಡಬ್ಬಿ ಹಂಚಿಕೊಳ್ಳುವುದಾದರೆ ಒಣ ಚಮಚದಲ್ಲಿ ತೆಗೆದುಕೊಳ್ಳಿ, ಒದ್ದೆ ಬ್ರಷ್ ಅದ್ದಬೇಡಿ.

ಬ್ಲೇಡು, ರೇಜರ್ ಮಾತ್ರ ಯಾವ ಕಾರಣಕ್ಕೂ ಹಂಚಿಕೊಳ್ಳಬೇಡಿ, ಅಣ್ಣತಮ್ಮಂದಿರಾದರೂ ಸರಿ. ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಹೆಪಟೈಟಿಸ್ ಬಿ ದಾಟಬಲ್ಲದು, ಆ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರುತ್ತದೆ. ಬಳಸಿದ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಎಸೆಯಬೇಡಿ. ನಮ್ಮ ಫ್ಲ್ಯಾಟಿನಲ್ಲಿ ಖಾಲಿ ಹಾಲಿನ ಪುಡಿ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಇಟ್ಟಿದ್ದೇವೆ. ತುಂಬಿದ ಮೇಲೆ ಟೇಪ್ ಸುತ್ತಿ ಹಾಕುತ್ತೇವೆ. ಆ ಚೀಲ ಎತ್ತುವ ಹುಡುಗನಿಗೆ ದಪ್ಪ ಗ್ಲೌಸು ಯಾರೂ ಕೊಟ್ಟಿಲ್ಲ.