ನಮ್ಮ ಯಶ್‌ಗೆ ಕನ್ನಡ ಬರುತ್ತದೆಯೇ?

"ಗಡಿಯಾಚೆ ಇರೋ ಕನ್ನಡಿಗರು ಕನ್ನಡ ಸಿನಿಮಾ ನೋಡೋದೇ ಇಲ್ಲ, ಹಿಂದಿ ಮರಾಠಿ ಅಂತ ಸಾಯ್ತಾರೆ" ಎಂಬ ಮಾತನ್ನು ಬೆಂಗಳೂರಿನ ಕಡೆಯ ಸ್ನೇಹಿತರಿಂದ ಕೇಳಿ ಕೇಳಿ ನಮಗೆ ಸಾಕಾಗಿದೆ. ಜೊತೆಗೆ ಒಂದು ಸವಾಲು ಬೇರೆ. "ನಿಮ್ಮ ಮೆಚ್ಚಿನ ಐದು ಕನ್ನಡ ಚಿತ್ರ ಹೇಳಿ ನೋಡೋಣ!"

ಪರೀಕ್ಷೆ ತೆಗೆದುಕೊಳ್ಳೋದು ನಮ್ಮ ಕಸುಬು ಸ್ವಾಮಿ. ಆದರೂ ಇರಲಿ, ಈ ಸಲ ನಾವೇ ಉತ್ತರ ಬರೆಯುತ್ತೇವೆ. ಕೊನೆಗೆ ನಮ್ಮವೂ ಒಂದೆರಡು ಪ್ರಶ್ನೆಗಳಿವೆ, ಅವಕ್ಕೆ ನೀವು ಉತ್ತರ ಬರೆಯಬೇಕು.

ನಾವು ಅಂದರೆ ಉಮರ್ಗಾ, ನಿಲಂಗಾ, ಉದಗೀರದ ಕನ್ನಡದವರು. ಉದಗೀರ, ನಿಲಂಗಾ ಎರಡೂ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯ ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಹೋಯಿತು, ಇವು ಮುಂಬಯಿ ರಾಜ್ಯಕ್ಕೆ ಬಂದವು. ಉದಗೀರದಲ್ಲಿ ರೈಲು ಹತ್ತಿದರೆ ಕಮಲನಗರ, ಭಾಲ್ಕಿ ದಾಟಿ ಬೀದರಕ್ಕೆ ಇಳಿಯುತ್ತೇವೆ. ಸಂಬಂಧ ಬೆಳೆಸೋದು ಅಲ್ಲಿ, ಸಂತೆ ಅಲ್ಲಿ. ಕನ್ನಡ ಸಿನಿಮಾದ ಪೋಸ್ಟರ್ ಕಾಣಬೇಕಾದರೂ ಅಲ್ಲಿಗೇ ಹೋಗಬೇಕು!

ಮೊದಲನೆಯ ಚಿತ್ರ ರಾಜಕುಮಾರರ 'ಭಕ್ತ ಕುಂಬಾರ' (1974). ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ಇದು ಗೋರಾ ಕುಂಬಾರನ ಕಥೆ ಅಂತ ಎಲ್ಲರಿಗೂ ಗೊತ್ತು. ಆ ಗೋರಾ ಎಲ್ಲಿಯವನು ಅಂತ ಎಷ್ಟು ಜನಕ್ಕೆ ಗೊತ್ತು? ತೇರ ಎಂಬ ಊರಿನವನು. ಆ ಊರು ನಮ್ಮ ಉಮರ್ಗಾ ಇರುವ ಧಾರಾಶಿವ (ಹಿಂದಿನ ಉಸ್ಮಾನಾಬಾದ) ಜಿಲ್ಲೆಯಲ್ಲೇ ಇದೆ. ನಮ್ಮ ಜಿಲ್ಲೆಯ ಸಂತ ಅಣ್ಣಾವ್ರ ಬಾಯಲ್ಲಿ ಕನ್ನಡ ಮಾತಾಡಿದ. ನಮ್ಮ ಹಿರಿಯರು ಜಾತ್ರೆಯ ಟೂರಿಂಗ್ ಟಾಕೀಜಿನ ನೆಲದ ಮೇಲೆ ಕೂತು ಅದನ್ನು ನೋಡಿ ಅತ್ತವರು. ವಿಠ್ಠಲ ಮರಾಠಿಯವನೋ ಕನ್ನಡದವನೋ ಅಂತ ಯಾರೂ ಜಗಳ ತೆಗೆಯಲಿಲ್ಲ.

ಎರಡನೆಯದು 'ತಬರನ ಕಥೆ' (1986). ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ಚಿತ್ರ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ. ಪಿಂಚಣಿಗಾಗಿ ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುವ ತಬರನಾಗಿ ಚಾರುಹಾಸನ್ ಇದ್ದಾರೆ. ಸರ್ಕಾರಿ ನೌಕರಿಯಲ್ಲಿರುವ ಯಾರಿಗಾದರೂ ಅದನ್ನು ನೋಡಿ ಆ ರಾತ್ರಿ ನಿದ್ದೆ ಬರುವುದಿಲ್ಲ. ಇಂಥ ಚಿತ್ರಗಳು ನಮ್ಮ ತನಕ ಬಂದದ್ದು ಹೇಗೆ? ಗಾಂಧಿನಗರ ಕಳಿಸಿದ್ದಲ್ಲ. ಆಗ ದೂರದರ್ಶನದಲ್ಲಿ ರವಿವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದರು. ಕನ್ನಡದ ಪಾಳಿ ಯಾವಾಗ ಬರುತ್ತದೋ ಅಂತ ವಾರಗಟ್ಟಲೆ ಕಾಯುತ್ತಿದ್ದೆವು.

ಮೂರನೆಯದು ನಾಗಾಭರಣರ 'ನಾಗಮಂಡಲ' (1997). ಕಾರ್ನಾಡರ ನಾಟಕ ಅಂತ ಮಾತ್ರ ಅಲ್ಲ, ಅದರೊಳಗಿನ ಉತ್ತರದ ಕಡೆಯ ಮಾತಿಗಾಗಿ ನಮಗದು ಇಷ್ಟ. ರಾಣಿ ಆ ಮಾತಿನಲ್ಲೇ ಹೆದರುತ್ತಾಳೆ, ಅದರಲ್ಲೇ ಪ್ರೀತಿಸುತ್ತಾಳೆ, ಅದರಲ್ಲೇ ಗೆಲ್ಲುತ್ತಾಳೆ. ಯಾರೂ ನಗುವುದಿಲ್ಲ. ಉಳಿದ ಎಷ್ಟು ಸಿನಿಮಾಗಳಲ್ಲಿ ಹೀಗಿದೆ ಹೇಳಿ. ಹೀರೋ ಬೆಂಗಳೂರು ಕನ್ನಡ ಮಾತಾಡುತ್ತಾನೆ. ಹೋಟೆಲ್ ಮಾಣಿ, ದಡ್ಡ ಪೊಲೀಸ್ ಪೇದೆ, ಕುಡುಕ ಮಾವ ಇವರಿಗೆ "ಯಾಕ್ರೀ, ಏನ್ರೀ" ಸಿಗುತ್ತದೆ. ಅದೂ ಸರಿಯಾಗಿ ಬಾರದವರ ಬಾಯಲ್ಲಿ! ನಮ್ಮ ಹುಡುಗ ಮನೆಯಲ್ಲಿ ಅವ್ವನ ಜೊತೆ ಆಡುವ ಮಾತು ಅದು. ತೆರೆಯ ಮೇಲೆ ಅದು ಬಂದಾಗೆಲ್ಲ ಜನ ನಕ್ಕರೆ ಅವನು ಏನು ಕಲಿಯುತ್ತಾನೆ?

ನಾಲ್ಕನೆಯದು ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018). ಅನಂತನಾಗ್ ಇದ್ದಾರೆ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕೇರಳದೊಳಗಿನ ಕನ್ನಡ ಶಾಲೆ, ಅಲ್ಲಿಗೆ ಬರುವ ಮಲಯಾಳಿ ಮಾಸ್ತರು, ಮುಚ್ಚಿಹೋಗುವ ಶಾಲೆ. ನೀವು ಅದನ್ನು ನಕ್ಕು ನಕ್ಕು ನೋಡಿದ್ದೀರಿ. ನಾವೂ ನಕ್ಕೆವು, ಆದರೆ ನಡುನಡುವೆ ಹಾಜರಿ ಪುಸ್ತಕ ನೆನಪಾಗುತ್ತಿತ್ತು. ಜೂನ್ ಬಂತೆಂದರೆ ಟಿ.ಸಿ. ಕೇಳಲು ಬರುವ ಪಾಲಕರ ಮುಖ ನೆನಪಾಗುತ್ತಿತ್ತು.

ಐದನೆಯದು ಮರಾಠಿ! ಸಿಟ್ಟಾಗಬೇಡಿ. ನಾಗರಾಜ ಮಂಜುಳೆಯವರ 'ಸೈರಾಟ್' (2016). ಮಂಜುಳೆ ಸೋಲಾಪುರ ಜಿಲ್ಲೆಯ ಕರಮಾಳಾದವರು. ಪುಣೆಯ ಪುಸ್ತಕದ ಮರಾಠಿಯನ್ನು ಬದಿಗಿಟ್ಟು ತಮ್ಮ ಕಡೆಯ ಮರಾಠಿಯನ್ನು ನಾಯಕಿಯ ಬಾಯಿಗೇ ಕೊಟ್ಟರು. ಇಡೀ ಮಹಾರಾಷ್ಟ್ರ ಆ ಆರ್ಚಿಯ ಮಾತನ್ನು ತಾನೂ ಆಡಿತು. 2017ರಲ್ಲಿ ಎಸ್. ನಾರಾಯಣ್ ಅದನ್ನೇ 'ಮನಸು ಮಲ್ಲಿಗೆ' ಅಂತ ಕನ್ನಡಕ್ಕೆ ತಂದರು, ನಾಯಕಿಯೂ ಅದೇ ರಿಂಕು ರಾಜಗುರು. ಕಥೆ ಗಡಿ ದಾಟಿತು, ನಾಯಕಿಯೂ ದಾಟಿದಳು. ಹಳ್ಳಿಯ ಮಾತಿಗೂ ಮಾನವಿದೆ ಎಂಬ ಪಾಠ ಮಾತ್ರ ಗಾಂಧಿನಗರಕ್ಕೆ ಇನ್ನೂ ಪೂರ್ತಿ ತಲುಪಿಲ್ಲ.

ಇದು ನಮ್ಮ ಉತ್ತರ. ಇನ್ನು ನಮ್ಮ ಪ್ರಶ್ನೆ.

2018ರ ಡಿಸೆಂಬರದಲ್ಲಿ 'ಕೆ.ಜಿ.ಎಫ್.' ಬಂತು, 2022ರ ಏಪ್ರಿಲ್‌ನಲ್ಲಿ ಎರಡನೇ ಭಾಗ, ಅದೇ ವರ್ಷ 'ಕಾಂತಾರ'. ಕನ್ನಡ ಸಿನಿಮಾ ದೇಶ ಗೆದ್ದಿತು ಅಂತ ನಾವೂ ಎದೆ ಉಬ್ಬಿಸಿಕೊಂಡೆವು. ಕನ್ನಡದ ಸಿನಿಮಾ ಕೊನೆಗೂ ನಮ್ಮ ಕಡೆಯ ಥೇಟರಿಗೆ ಬಂತು. ಯಾವ ಭಾಷೆಯಲ್ಲಿ? ಹಿಂದಿಯಲ್ಲಿ! ಕನ್ನಡ ಶಾಲೆಯ ನಮ್ಮ ಹುಡುಗರು ರಾಕಿ ಭಾಯಿಯ ಡೈಲಾಗನ್ನು ಹಿಂದಿಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದರು. ಐದನೇ ಇಯತ್ತೆಯ ಒಬ್ಬ ಕೇಳಿದ: "ಸರ್, ಯಶ್‌ಗ ಕನ್ನಡ ಬರ್ತದೇನ್ರಿ?"

ನಗಬೇಡಿ. ಆ ಹುಡುಗನ ತಪ್ಪು ಏನೂ ಇಲ್ಲ. ಅವನು ಕನ್ನಡವನ್ನು ಕೇಳುವುದು ಮೂರು ಕಡೆ: ಮನೆಯ ಅಡಿಗೆಮನೆ, ನಮ್ಮ ತರಗತಿ, ಊರಿನ ಮಠ. ಅಂಗಡಿಯ ಬೋರ್ಡು ಮರಾಠಿ, ಬ್ಯಾಂಕಿನ ಚೀಟಿ ಮರಾಠಿ, ತಹಸೀಲಿನ ಅರ್ಜಿ ಮರಾಠಿ. ಅದು ಈ ರಾಜ್ಯದ ಭಾಷೆ, ಅದರ ಮೇಲೆ ನಮಗೆ ಸಿಟ್ಟಿಲ್ಲ. ಪಠ್ಯಪುಸ್ತಕವನ್ನು ಬಾಲಭಾರತಿ ಕನ್ನಡದಲ್ಲೇ ಅಚ್ಚು ಹಾಕಿ ಕೊಡುತ್ತದೆ. ಮಹಾರಾಷ್ಟ್ರ ಸರ್ಕಾರ ಕೊಡುವ ಕನ್ನಡ ಪುಸ್ತಕ ನಮ್ಮ ಕೈಗೆ ಬರುತ್ತದೆ, ಕರ್ನಾಟಕದಲ್ಲಿ ತಯಾರಾಗುವ ಕನ್ನಡ ಸಿನಿಮಾ ಬರುವುದಿಲ್ಲ. ಇದೆಂಥ ನ್ಯಾಯ?

ಇನ್ನೊಂದು ಮಾತು. 1960ರ ದಶಕದಿಂದ ಡಬ್ಬಿಂಗ್ ಬೇಡ ಅಂತ ಹೋರಾಟ ಆಯಿತು. ಅ.ನ.ಕೃ., ಮ. ರಾಮಮೂರ್ತಿ, ರಾಜಕುಮಾರ್ ಮುಂದಿದ್ದರು. ಆಗ ಬೆಂಗಳೂರಿನ ಥೇಟರುಗಳಲ್ಲೇ ಕನ್ನಡಕ್ಕೆ ಜಾಗವಿರಲಿಲ್ಲ, ಆ ಕಾಲಕ್ಕೆ ಅದು ಸರಿ ಅಂತಲೇ ನಮ್ಮ ಅಭಿಪ್ರಾಯ. ಆದರೆ 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸಲ್ಲದು ಎಂದಾಗಲೂ "ಡಬ್ಬಿಂಗ್ ಬಂದರೆ ಭಾಷೆ ಸಾಯುತ್ತದೆ" ಅಂತ ಕೂಗಿದ ಉದ್ಯಮವೇ ಮೂರು ವರ್ಷದಲ್ಲಿ ತನ್ನ ಸಿನಿಮಾವನ್ನು ನಾಲ್ಕು ಭಾಷೆಗೆ ಡಬ್ ಮಾಡಿ ಮಾರಿತು. ಮಾರಲಿ, ಸಂತೋಷ. ಆದರೆ ಕನ್ನಡದ ಮಗುವಿಗೂ ಹಿಂದಿ ಡಬ್ಬಿಂಗನ್ನೇ ಕೊಟ್ಟರೆ, ಸಾಯುವುದು ಯಾವ ಭಾಷೆ ಸ್ವಾಮಿ?

"ಮೊಬೈಲಿನಲ್ಲಿ ಎಲ್ಲಾ ಸಿಗುತ್ತಲ್ಲ, ಅಲ್ಲೇ ನೋಡಿ" ಅಂತ ಹೇಳುವವರಿದ್ದಾರೆ. ಸಿಗುತ್ತದೆ, ನೋಡುತ್ತೇವೆ ಕೂಡ. ಆದರೆ ಕಿವಿಗೆ ವೈರ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತು ನೋಡುವುದೇ ಬೇರೆ. ಊರ ನಡುವಿನ ಥೇಟರಿಗೆ ಕನ್ನಡದ ಪೋಸ್ಟರ್ ಹಚ್ಚಿ, ಮರಾಠಿ ಗೆಳೆಯನೂ ಪಕ್ಕದಲ್ಲಿ ಕೂತು ಸಿಳ್ಳೆ ಹಾಕುವುದೇ ಬೇರೆ. ಮನೆಯೊಳಗೆ ಮಾತ್ರ ಬದುಕುವ ಭಾಷೆಗೆ ಮಕ್ಕಳು ನಾಚುತ್ತಾರೆ. ಬೀದಿಗೆ ಬಂದ ಭಾಷೆಗೆ ನಾಚುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿ ನಾವು ಕಂಡುಕೊಂಡದ್ದು ಇದು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ದೊಡ್ಡ ಕನ್ನಡ ಸಿನಿಮಾ ಉಮರ್ಗಾ, ಉದಗೀರಕ್ಕೆ ಬಂದಾಗ ದಿನದ ಒಂದು ಆಟವಾದರೂ ಕನ್ನಡದಲ್ಲಿ ಇರಲಿ. ಕೆಳಗೆ ಮರಾಠಿ ಅಕ್ಷರ ಹಾಕಿ, ಇನ್ನೂ ಒಳ್ಳೆಯದು. ಎರಡನೆಯದು, ರಾಷ್ಟ್ರಪ್ರಶಸ್ತಿ ಪಡೆದ ಮಕ್ಕಳ ಚಿತ್ರಗಳನ್ನು ವರ್ಷಕ್ಕೊಮ್ಮೆ ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ತೋರಿಸಿ. ಒಂದು ಪ್ರೊಜೆಕ್ಟರು, ಒಂದು ಬಿಳಿ ಧೋತ್ರ ಸಾಕು. ಧೋತ್ರ ನಾವು ಕೊಡುತ್ತೇವೆ! ಗಡಿ ಅಭಿವೃದ್ಧಿ ಅಂದರೆ ರಾಜ್ಯೋತ್ಸವದ ಶಾಲು ಹಾರ ಮಾತ್ರ ಅಲ್ಲ. ಮೂರನೆಯದು, ನಮ್ಮ ಮಾತನ್ನು ನಗೆಗೆ ಇಟ್ಟುಕೊಂಡದ್ದು ಸಾಕು, ಒಮ್ಮೆ ನಾಯಕನ ಬಾಯಿಗೂ ಕೊಡಿ.

ಕಾಸರಗೋಡಿನ ಕನ್ನಡ ಶಾಲೆಗೆ ಒಂದು ಸಿನಿಮಾ ಸಿಕ್ಕಿತು. ನಮ್ಮ ಕಡೆಯ ಶಾಲೆಯ ಕಥೆಯನ್ನೂ ಯಾರಾದರೂ ಸಿನಿಮಾ ಮಾಡಬಹುದು. ಮಾಡುವವರು ಸ್ವಲ್ಪ ಬೇಗ ಬರಬೇಕು, ಶಾಲೆ ಇರುವಾಗಲೇ ಬರಬೇಕು.

ಈಗ ಹೇಳಿ, ಕನ್ನಡ ಸಿನಿಮಾ ಬೇಡ ಅಂದವರು ನಾವೋ, ಗಡಿಯವರು ಬೇಡ ಅಂದವರು ನೀವೋ?